ಗಾಯವಿಲ್ಲದ ಉರಿ: ಮೆಣಸಿನಕಾಯಿ ಬಿಡಿಸುವ ಕೈಗಳ ಒಂದು ಪ್ರಕರಣ

ಜನವರಿ ಕೊನೆಯ ವಾರದ ಒಂದು ರಾತ್ರಿ, ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಆಕೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಒಂದು ಬೆರಳು ಇನ್ನೊಂದಕ್ಕೆ ತಾಗದಂತೆ ಅಗಲಿಸಿ ಹಿಡಿದಿದ್ದರು. ಹಿಂದೆಯೇ ಬಂದ ಸೊಸೆ ಸೆರಗಿನಿಂದ ಆ ಕೈಗಳಿಗೆ ಗಾಳಿ ಹಾಕುತ್ತಿದ್ದಳು. ಕುರ್ಚಿ ತೋರಿಸಿದರೆ ಕೂರಲಿಲ್ಲ. "ಕೈಗಳನ್ನು ಒಲೆಯೊಳಗೆ ಇಟ್ಟ ಹಾಗೆ ಆಗುತ್ತಿದೆ ಸಾಹೇಬರೇ, ಏನಾದರೂ ಮಾಡಿ" ಎಂದರು.

ದೀಪದ ಕೆಳಗೆ ಹಿಡಿದು ನೋಡಿದೆ. ಗುಳ್ಳೆ ಇಲ್ಲ, ಬಾವು ಇಲ್ಲ, ಸುಟ್ಟ ಗುರುತು ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಚಳಿಗಾಲದ ಬಿರುಕುಗಳು ಇದ್ದವು, ಉಗುರಿನ ಅಂಚಿನಲ್ಲಿ ಕೆಂಪು ಬಣ್ಣ ಕೂತಿತ್ತು. ಅಷ್ಟೇ. ಆದರೆ ನಾಡಿ ನಿಮಿಷಕ್ಕೆ 112 ಓಡುತ್ತಿತ್ತು, ರಕ್ತದೊತ್ತಡ 160/94 ಇತ್ತು, ಹಣೆಯಲ್ಲಿ ಬೆವರು ಹನಿಯುತ್ತಿತ್ತು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದ್ದಕ್ಕೆ ಒಂಬತ್ತು ಎಂದರು. ಹೆರಿಗೆ ನೋವಿಗೂ ಒಂಬತ್ತೇ ಕೊಡುತ್ತೇನೆ ಎಂದೂ ಸೇರಿಸಿದರು.

ಈ ಬರಹಕ್ಕೆ ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ರಾತ್ರಿ ನಡೆದದ್ದನ್ನು, ನಾನು ತಪ್ಪಿದ್ದನ್ನೂ ಸೇರಿಸಿ, ಇದ್ದ ಹಾಗೆಯೇ ಬರೆಯುತ್ತಿದ್ದೇನೆ. ಮೆಣಸಿನಕಾಯಿ ಸೀಮೆಯ ಸಣ್ಣ ಊರುಗಳಲ್ಲಿ ಕೆಲಸ ಮಾಡುವ ವೈದ್ಯರಿಗೆ, ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ಇಂಥ ಕೈಗಳು ಮತ್ತೆ ಎದುರಾಗುವುದು ಖಂಡಿತ.

ಹಿನ್ನೆಲೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಮತ್ತು ಸುತ್ತಲಿನ ಊರುಗಳಲ್ಲಿ ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆಯವರೆಗೆ ಗಾಳಿಯೇ ಕೆಂಪಾಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು, ಕಡಿಮೆ ಖಾರ ಅದರ ಹೆಗ್ಗಳಿಕೆ. ಅದರಿಂದ ತೆಗೆದ ಬಣ್ಣದ ಸತ್ವ ಅಡುಗೆಮನೆಗೆ ಮಾತ್ರವಲ್ಲ, ತುಟಿಬಣ್ಣ, ಉಗುರುಬಣ್ಣಗಳಿಗೂ ಹೋಗುತ್ತದೆ. ಕಾರ್ಖಾನೆಗೆ ಹೋಗುವ ಮುಂಚೆ ಕಾಯಿಯ ತೊಟ್ಟು ಬಿಡಿಸಬೇಕು. ಆ ಕೆಲಸ ಹೆಣ್ಣುಮಕ್ಕಳದು. ಗೋದಾಮಿನ ನೆಲದಲ್ಲಿ ರಾಶಿಯ ಸುತ್ತ ಕುಳಿತು, ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ತೊಟ್ಟಿನ ಬುಡಕ್ಕೆ ಒತ್ತಿ ಒಂದೇ ಎಳೆತಕ್ಕೆ ಕಿತ್ತು ಹಾಕುತ್ತಾರೆ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಕೈ ಎಷ್ಟು ಓಡುತ್ತದೆಯೋ ಅಷ್ಟು ದುಡ್ಡು.

ಈ ಎಳೆತವನ್ನು ಹತ್ತಿರದಿಂದ ನೋಡಬೇಕು. ಖಾರ ಬೀಜದಲ್ಲಿದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ನಿಜವಾಗಿ ಖಾರ ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಸವರಿಕೊಂಡಿರುತ್ತದೆ, ಅಷ್ಟೇ. ಆ ತಿರುಳು ದಟ್ಟವಾಗಿ ಇರುವುದು ತೊಟ್ಟಿನ ಕಡೆಗೆ. ತೊಟ್ಟು ಕಿತ್ತ ಕ್ಷಣ ಕಾಯಿಯ ಭುಜ ಬಿರಿಯುತ್ತದೆ, ಒಣಗಿದ ತಿರುಳು ಪುಡಿಯಾಗಿ ಹೆಬ್ಬೆರಳಿನ ಉಗುರಿನ ಸಂದಿಗೆ ಸೇರುತ್ತದೆ. ದಿನಕ್ಕೆ ಸಾವಿರಾರು ಸಲ.

ಆಕೆ ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಪಳಗಿದವರು. ಹೀಗೆ ಎಂದೂ ಆಗಿರಲಿಲ್ಲ.

ಮನೆಯಲ್ಲಿ ನಡೆದದ್ದು

ಸಂಜೆ ಐದಕ್ಕೆ ಕೆಲಸ ಮುಗಿಸಿದಾಗ ಕೈ ಸ್ವಲ್ಪ ಚುರುಚುರು ಎನ್ನುತ್ತಿತ್ತು. ಅದು ದಿನದ ಮಾತು ಎಂದು ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಗೆ ಹೋಗಿ ಹಂಡೆಯ ಬಿಸಿನೀರು ತೋಡಿಕೊಂಡು, ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿ ತೊಳೆದರು. ಹದಿನೈದು ನಿಮಿಷದಲ್ಲಿ ಚುರುಚುರು ಹೋಗಿ ಉರಿ ಬಂತು. ನೆರೆಮನೆಯವರು ನಿಂಬೆಹಣ್ಣು ಹಿಂಡಿ ಉಪ್ಪು ಹಚ್ಚಲು ಹೇಳಿದರು. ಹಚ್ಚಿದರು. ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ. ಮತ್ತೆ ಬಿಸಿನೀರು, ಮತ್ತೆ ಸೋಪು. ನಡುವೆ ನಾಲ್ಕು ವರ್ಷದ ಮೊಮ್ಮಗನಿಗೆ ಊಟ ಮಾಡಿಸಿದರು. ಅವನು ಎರಡನೆಯ ತುತ್ತಿಗೆ ಬಾಯಿ ಸುಟ್ಟಿತೆಂದು ಕಿರುಚಿದ. ಈ ಒಂದು ವಿಷಯ ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ, ಅದೂ ನಾನು ಕೇಳಿದ್ದರಿಂದಲ್ಲ.

ನಾನು ಮೊದಲು ಮಾಡಿದ್ದು

ಕೈಯಲ್ಲಿ ಏನೂ ಕಾಣದಿದ್ದಾಗ ವೈದ್ಯನ ಮನಸ್ಸು ಎರಡು ಕಡೆಗೆ ಜಾರುತ್ತದೆ. ಒಂದು, ಇದು ಅಲರ್ಜಿ. ಇನ್ನೊಂದು, ಈಕೆ ಇರುವುದಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ. ಎರಡನೆಯದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸಿಗೆ ಬಂದದ್ದು ನಿಜ. ಅದೇ ಕಾರಣಕ್ಕೆ ಮೊದಲನೆಯದನ್ನು ಬೇಗ ಹಿಡಿದುಕೊಂಡೆ. ಅಲರ್ಜಿಗೆ ಒಂದು ಚುಚ್ಚುಮದ್ದು, ನೋವಿಗೆ ಡೈಕ್ಲೋಫಿನಾಕ್ ಒಂದು ಕೊಟ್ಟು ಅರ್ಧ ಗಂಟೆ ಕೂರಲು ಹೇಳಿದೆ.

ನಲವತ್ತು ನಿಮಿಷ ಕಳೆದರೂ ನೋವು ಒಂಬತ್ತರಲ್ಲೇ ಇತ್ತು.

ಯಾಕೆ ಕೆಲಸ ಮಾಡಲಿಲ್ಲ ಎಂಬುದನ್ನು ಬಿಡಿಸಿ ಹೇಳುವುದೇ ಈ ಪ್ರಕರಣದ ಜೀವಾಳ. ಅಲರ್ಜಿಯಲ್ಲಿ ತುರಿಕೆ ಎಬ್ಬಿಸುವ ಮುಖ್ಯ ವಸ್ತು ಹಿಸ್ಟಮಿನ್, ಚುಚ್ಚುಮದ್ದು ಅದನ್ನು ತಡೆಯುತ್ತದೆ. ಆಕೆಗೆ ತುರಿಕೆಯೇ ಇರಲಿಲ್ಲ. ಡೈಕ್ಲೋಫಿನಾಕ್ ತಡೆಯುವುದು ಗಾಯವಾದ, ಬಾತುಕೊಂಡ ಅಂಗಾಂಶದಲ್ಲಿ ಹುಟ್ಟುವ ಪ್ರೋಸ್ಟಗ್ಲಾಂಡಿನ್‌ಗಳನ್ನು. ಆಕೆಗೆ ಅಂಥ ಗಾಯವೂ ಇರಲಿಲ್ಲ. ಮೆಣಸಿನಕಾಯಿ ಇವೆರಡರ ಗೊಡವೆಗೂ ಹೋಗದೆ ನೇರವಾಗಿ ನೋವಿನ ನರದ ಬಾಗಿಲನ್ನೇ ತಟ್ಟುತ್ತದೆ.

ಆ ಬಾಗಿಲು ಯಾವುದು ಎಂದು ಜಗತ್ತಿಗೆ ತಿಳಿದದ್ದು 1997ರಲ್ಲಿ. ಮೆಣಸಿನಕಾಯಿಯ ಖಾರದ ವಸ್ತು ಕ್ಯಾಪ್ಸೈಸಿನ್. 1876ರಲ್ಲಿ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಹೆಸರಿಟ್ಟಿದ್ದರು. ಅದು ನರದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ನೂರಿಪ್ಪತ್ತು ವರ್ಷ ಒಗಟಾಗಿಯೇ ಉಳಿಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ನೋವಿನ ನರಕೋಶಗಳ ವಂಶವಾಹಿಗಳನ್ನು ಒಂದೊಂದಾಗಿ ಜಾಲಾಡಿ, ಕ್ಯಾಪ್ಸೈಸಿನ್‌ಗೆ ಓಗೊಡುವ ಪ್ರೋಟೀನನ್ನು ಹಿಡಿಯಿತು. ಅದಕ್ಕೆ ಈಗ ಟಿಆರ್‌ಪಿವಿ1 ಎಂಬ ಹೆಸರಿದೆ. ಈ ಕೆಲಸಕ್ಕೆ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ಬೆರಗಿನ ಸಂಗತಿ ಎಂದರೆ, ಆ ಪ್ರೋಟೀನು ಮೆಣಸಿನಕಾಯಿಗೆಂದು ಇರುವುದಲ್ಲ. ಅದು ಬಿಸಿಯ ಕಾವಲುಗಾರ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಂಡು, ಸೋಡಿಯಂ ಮತ್ತು ಕ್ಯಾಲ್ಸಿಯಂ ಕಣಗಳನ್ನು ನರದ ಒಳಗೆ ಬಿಟ್ಟು, 'ಸುಡುತ್ತಿದೆ' ಎಂಬ ಸಂಕೇತವನ್ನು ಬೆನ್ನುಹುರಿಗೆ ಓಡಿಸುವುದು ಅದರ ಕೆಲಸ. ಕ್ಯಾಪ್ಸೈಸಿನ್ ಬಂದು ಕೂತರೆ ಬಿಸಿ ಇಲ್ಲದೆಯೂ ಅದೇ ಬಾಗಿಲು ತೆರೆಯುತ್ತದೆ. ಮಿದುಳಿಗೆ ತಲುಪುವ ಸುದ್ದಿ ಒಂದೇ. ಒಲೆಯ ಉರಿಗೂ ಕೈಯ ಉರಿಗೂ ಕನ್ನಡ ಒಂದೇ ಶಬ್ದ ಇಟ್ಟುಕೊಂಡಿದೆ. ಆಕೆ "ಒಲೆಯೊಳಗೆ ಇಟ್ಟ ಹಾಗೆ" ಎಂದಾಗ ಅದು ಅಲಂಕಾರದ ಮಾತಾಗಿರಲಿಲ್ಲ. ನರ ಕಳುಹಿಸುತ್ತಿದ್ದ ಸುದ್ದಿಯನ್ನು ಆಕೆ ಅಕ್ಷರಶಃ ಓದಿ ಹೇಳಿದ್ದರು.

ಮಂಜುಗಡ್ಡೆಯ ಬಲೆ

ಚುಚ್ಚುಮದ್ದು ಸೋತ ಮೇಲೆ ತಣ್ಣೀರಿನ ಬೋಗುಣಿಗೆ ಮಂಜುಗಡ್ಡೆ ಹಾಕಿ ಕೈ ಅದ್ದಿಸಿದೆ. ಅರ್ಧ ನಿಮಿಷದಲ್ಲಿ ಆಕೆಯ ಹುಬ್ಬು ಸಡಿಲವಾಯಿತು. ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು. ಗೆದ್ದೆ ಎಂದುಕೊಂಡೆ. ಐದು ನಿಮಿಷದ ನಂತರ ಕೈ ಹೊರಗೆ ತೆಗೆದರೋ ಇಲ್ಲವೋ, ಮೊದಲಿಗಿಂತ ಜೋರಾಗಿ ಚೀರಿದರು. ಮತ್ತೆ ಅದ್ದಿದರು. ಮತ್ತೆ ತೆಗೆದರು, ಮತ್ತೆ ಅದೇ.

ತಂಪು ಆ ಬಾಗಿಲನ್ನು ತಾತ್ಕಾಲಿಕವಾಗಿ ಮುಚ್ಚಿಸುತ್ತದೆ, ಆದರೆ ತಟ್ಟುತ್ತಿರುವವನು ಅಲ್ಲೇ ನಿಂತಿರುತ್ತಾನೆ. ಚರ್ಮ ಮೈಯ ಬಿಸಿಗೆ ಮರಳಿದ ಕೂಡಲೇ ಬಾಗಿಲು ಮತ್ತೆ ತೆರೆಯುತ್ತದೆ. ಇದರಲ್ಲಿ ಒಂದು ಅಪಾಯವೂ ಇದೆ. ಸುಖ ಸಿಗುವುದು ಮಂಜಿನಲ್ಲಿ ಮಾತ್ರ ಎಂದಾದರೆ ರೋಗಿ ಕೈ ತೆಗೆಯಲು ಒಪ್ಪುವುದಿಲ್ಲ. ನಾಲ್ಕನೆಯ ಸಲಕ್ಕೆ ಆಕೆಯ ಬೆರಳ ತುದಿಗಳು ಬಿಳಿಚಿಕೊಂಡು ಮರಗಟ್ಟಿದ್ದವು. ಇನ್ನೊಂದು ಗಂಟೆ ಹೀಗೇ ಬಿಟ್ಟಿದ್ದರೆ, ಗಾಯವಿಲ್ಲದ ಕೈಗೆ ನಾನೇ ಗಾಯ ಮಾಡಿ ಕಳುಹಿಸುತ್ತಿದ್ದೆ. ಬೋಗುಣಿ ತೆಗೆಸಿದೆ. ಆಕೆ ನನ್ನ ಮೇಲೆ ಸಿಟ್ಟಾದರು, ಆ ಸಿಟ್ಟು ನ್ಯಾಯವೇ ಆಗಿತ್ತು.

ಸೊಸೆಯ ಮಾತು

ಆಗ ಸೊಸೆ ತಡೆಯಲಾರದೆ ಹೇಳಿದಳು: "ಮಗುವಿಗೂ ಹೀಗೇ ಆಗಿತ್ತು. ಅತ್ತೆ ತುತ್ತು ಕೊಟ್ಟಿದ್ದರು. ನೀರು ಕುಡಿಸಿದರೆ ಅಳು ನಿಲ್ಲಲೇ ಇಲ್ಲ. ಎಮ್ಮೆ ಹಾಲು ಕೊಟ್ಟ ಮೇಲೆ ಸುಮ್ಮನಾಯಿತು."

ಈ ಮಾತಿನಿಂದ ನನಗೆ ಎರಡು ವಿಷಯ ಸ್ಪಷ್ಟವಾದವು. ಮೂರು ಸಲ ಸೋಪು ಹಚ್ಚಿ ತೊಳೆದ ಮೇಲೂ ಒಂದು ಮಗುವಿನ ಬಾಯಿ ಸುಡುವಷ್ಟು ಖಾರ ಆ ಬೆರಳುಗಳಲ್ಲಿ ಉಳಿದಿತ್ತು. ಇಷ್ಟು ಹೊತ್ತು ನಾನು ನೋವಿಗೆ ಮದ್ದು ಕೊಡುತ್ತಿದ್ದೆನೇ ಹೊರತು ನೋವಿನ ಮೂಲವನ್ನು ಕೈಯಿಂದ ತೆಗೆದಿರಲಿಲ್ಲ. ಎರಡನೆಯದಾಗಿ, ನೀರಿಗೆ ಹೋಗದ್ದು ಹಾಲಿಗೆ ಹೋಗಿತ್ತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು. ಕೊಬ್ಬಿನಲ್ಲಿ, ಎಣ್ಣೆಯಲ್ಲಿ ಕರಗುತ್ತದೆ. ಹಾಲಿನ ಕೊಬ್ಬು ಮತ್ತು ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತವೆ. ಇದೆಲ್ಲ ನಾನು ಓದಿದ ಪಾಠವೇ. ಒಗ್ಗರಣೆ ಹಾಕುವ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿಯೂ ಹೌದು: ಮೆಣಸಿನಕಾಯಿ ತನ್ನ ಬಣ್ಣವನ್ನೂ ಖಾರವನ್ನೂ ಬಿಟ್ಟುಕೊಡುವುದು ಎಣ್ಣೆಗೆ.

ಪಕ್ಕದ ಮನೆಯಿಂದ ಶೇಂಗಾ ಎಣ್ಣೆ ತರಿಸಿದೆ. ಮೊದಲು ಎರಡೂ ಕೈಗಳಿಗೆ ಧಾರಾಳವಾಗಿ ಹಚ್ಚಿ, ಎರಡು ನಿಮಿಷ ಬಿಟ್ಟು, ಹತ್ತಿಬಟ್ಟೆಯಿಂದ ಒರೆಸಿ ತೆಗೆದೆವು. ಬಟ್ಟೆ ಕಿತ್ತಳೆ ಬಣ್ಣವಾಯಿತು. ಮೂರು ಸಲ ತೊಳೆದ ಕೈ ಅದು! ಬಟ್ಟೆ ಬದಲಿಸಿ, ಹೊಸ ಎಣ್ಣೆ ಹಾಕಿ ಮತ್ತೆ ಒರೆಸಿದೆವು. ಉಗುರಿನ ಸಂದಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದೆ. ನಾಲ್ಕನೆಯ ಸಲದ ಬಟ್ಟೆಯಲ್ಲಿ ಬಣ್ಣ ಬರಲಿಲ್ಲ. ಆಮೇಲೆ ಪಾತ್ರೆ ತೊಳೆಯುವ ದ್ರವ ಸೋಪು ಮತ್ತು ತಣ್ಣೀರಿನಿಂದ ಎಣ್ಣೆಯನ್ನು ಪೂರ್ತಿ ತೆಗೆದೆವು. ಒರೆಸುವುದು ಹಚ್ಚುವಷ್ಟೇ ಮುಖ್ಯ. ಎಣ್ಣೆ ಹಚ್ಚಿ ಹಾಗೆಯೇ ಬಿಟ್ಟರೆ ಖಾರ ಕರಗಿ ಕೈತುಂಬ ಹರಡುತ್ತದೆ, ಅಲ್ಲಿಂದ ಕಣ್ಣಿಗೂ ಹೋಗುತ್ತದೆ.

ಪವಾಡವೇನೂ ಆಗಲಿಲ್ಲ. ಮಂಜುಗಡ್ಡೆಯ ಹಾಗೆ ಅರ್ಧ ನಿಮಿಷದಲ್ಲಿ ನೋವು ಹೋಗಲಿಲ್ಲ. ಆಕೆ "ಇದರಿಂದ ಏನೂ ಆಗುವುದಿಲ್ಲ, ಮಂಜು ಕೊಡಿ" ಎಂದು ಎರಡು ಸಲ ಕೇಳಿದರು. ಕೊಡಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಬೀಸಣಿಗೆಯ ಗಾಳಿಯಲ್ಲಿ ಕೂರಿಸಿದೆವು. ಹತ್ತೂಮುಕ್ಕಾಲಿಗೆ ನೋವು ಆರಕ್ಕೆ ಇಳಿಯಿತು. ಆಗ ಬೆರಳುಗಳಿಗೆ ಚರ್ಮವನ್ನು ಮರಗಟ್ಟಿಸುವ ಲಿಡೋಕೇನ್ ಮುಲಾಮು ಸವರಿದೆ. ಮಧ್ಯರಾತ್ರಿಗೆ ಮೂರು. ನಾಡಿ 84. ಗೋಡೆಗೆ ಒರಗಿ ನಿದ್ದೆ ಹೋದರು. ಕೈಗಳು ಮಡಿಲಲ್ಲಿ ಮೇಲ್ಮುಖವಾಗಿ ತೆರೆದುಕೊಂಡೇ ಇದ್ದವು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಣ್ಣೆಯ ಈ ಕ್ರಮ ಮೆಣಸಿನಕಾಯಿಗೆ, ಅದೂ ಚರ್ಮಕ್ಕೆ ಮಾತ್ರ. ಕಣ್ಣಿಗೆ ಖಾರ ಬಿದ್ದರೆ ಎಣ್ಣೆ ಬೇಡ, ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಶೌಚಾಲಯ ತೊಳೆಯುವ ಆಮ್ಲ, ಸುಣ್ಣ, ಬ್ಲೀಚಿಂಗ್ ಪುಡಿಯಂಥವು ಚರ್ಮವನ್ನೇ ತಿನ್ನುತ್ತವೆ. ಅವುಗಳಿಗೂ ಎಣ್ಣೆ ಕೂಡದು. ಒಣ ಪುಡಿಯಾದರೆ ಮೊದಲು ಕೊಡವಿ, ಮೇಲೆ ಧಾರಾಳ ನೀರು. ಉರಿಸುವ ವಸ್ತುಗಳೆಲ್ಲ ಒಂದೇ ಬಾಗಿಲಿನಿಂದ ಬರುವುದೂ ಇಲ್ಲ. ಸಾಸಿವೆಯ ಘಾಟು, ಹೊಗೆಯಲ್ಲಿರುವ ಅಕ್ರೋಲಿನ್, ಫಾರ್ಮಾಲಿನ್, ಪೊಲೀಸರ ಅಶ್ರುವಾಯು ಇವುಗಳಿಗೆ ಟಿಆರ್‌ಪಿಎ1 ಎಂಬ ಬೇರೆ ಬಾಗಿಲಿದೆ. ಅವು ಆ ಪ್ರೋಟೀನಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡು ಅದನ್ನು ತೆರೆಯುತ್ತವೆ. ಆದ್ದರಿಂದ 'ಉರಿಯುತ್ತಿದೆ' ಎಂದು ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಉರಿ' ಎಂಬುದಲ್ಲ, 'ಏನು ಮುಟ್ಟಿದಿರಿ' ಎಂಬುದು.

ಬೆಳಗಿನ ಚಹಾ

ಮರುದಿನ ಬೆಳಿಗ್ಗೆ ನಮ್ಮ ದಾದಿ ಆಕೆಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಆಕೆ ಲೋಟ ಮುಟ್ಟಿದ ಕೂಡಲೇ ಕೈ ಹಿಂದೆಗೆದುಕೊಂಡರು. ಚಹಾ ಚೆಲ್ಲಿತು. ನಾನು ಅದೇ ಲೋಟ ಹಿಡಿದು ನೋಡಿದೆ. ಬರೀ ಬೆಚ್ಚಗಿತ್ತು.

ಹಿಂದಿನ ಸಂಜೆ ಮನೆಯಲ್ಲಿ ಏನು ನಡೆದಿರಬಹುದು ಎಂಬುದಕ್ಕೆ ಈ ಲೋಟವೇ ಉತ್ತರ ಕೊಟ್ಟಿತು. ಒಮ್ಮೆ ಕೆರಳಿದ ಟಿಆರ್‌ಪಿವಿ1 ತೆರೆದುಕೊಳ್ಳಲು 43 ಡಿಗ್ರಿಗೆ ಕಾಯುವುದಿಲ್ಲ. ಅದರ ಗಡಿ ಕೆಳಗಿಳಿಯುತ್ತದೆ, ಮೈಯ ಬಿಸಿಯೇ ಸಾಕಾಗಬಹುದು. ಅಂಥ ಕೈಗೆ ಹಂಡೆಯ ನೀರು ಸುರಿದರೆ ಖಾರ ಮತ್ತು ಬಿಸಿ ಒಂದೇ ಬಾಗಿಲನ್ನು ಎರಡು ಕಡೆಯಿಂದ ತಳ್ಳಿದ ಹಾಗೆ. ಜೊತೆಗೆ ಬಿಸಿನೀರಿನಲ್ಲಿ ಚರ್ಮ ನೆನೆದು ಖಾರವನ್ನು ಇನ್ನಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ನಿಂಬೆಹಣ್ಣಿನದೂ ಇದೇ ಕಥೆ. ಹುಳಿ ಎಂದರೆ ಆಮ್ಲ, ಆಮ್ಲವೂ ಈ ಬಾಗಿಲನ್ನು ಸಡಿಲಿಸುತ್ತದೆ. ಬಿರುಕು ಬಿಟ್ಟ ಬೆರಳಿಗೆ ಉಪ್ಪು ಸೇರಿದರೆ ಕೇಳಬೇಕೇ? ಆಕೆಯಾಗಲಿ ನೆರೆಮನೆಯವರಾಗಲಿ ಮಾಡಿದ್ದು ದಡ್ಡತನವಲ್ಲ. ಕೊಳೆ ಹೋಗಲು ಬಿಸಿನೀರು, ಜಿಡ್ಡು ಹೋಗಲು ನಿಂಬೆಹಣ್ಣು ಎಂಬ ಅಡುಗೆಮನೆಯ ಜಾಣತನವನ್ನೇ ಅವರು ಬಳಸಿದ್ದರು. ಅದು ಇಲ್ಲಿ ತಿರುಗಿ ಬಿತ್ತು.

ಇನ್ನೂ ಒಂದು ಗುರುತು ಬೆಳಗಿನ ಬೆಳಕಿನಲ್ಲಿ ಕಂಡಿತು. ಬೆರಳುಗಳ ಸುತ್ತ, ಮೆಣಸಿನಕಾಯಿ ತಾಗದ ಜಾಗದಲ್ಲೂ, ತುಸು ಕೆಂಪು ಹರಡಿತ್ತು. ನೋವಿನ ನರದ ತುದಿ ಕೆರಳಿದಾಗ ಸುದ್ದಿಯನ್ನು ಮೇಲಕ್ಕೆ ಕಳುಹಿಸುವುದರ ಜೊತೆಗೆ ತನ್ನ ಕವಲುಗಳ ಮೂಲಕ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ವಸ್ತುಗಳನ್ನು ಚರ್ಮಕ್ಕೆ ಸುರಿಯುತ್ತದೆ. ರಕ್ತನಾಳಗಳು ಹಿಗ್ಗಿ ಕೆಂಪಾಗುತ್ತದೆ. ನಮ್ಮ ಮೈಬಣ್ಣದಲ್ಲಿ, ರಾತ್ರಿಯ ದೀಪದ ಕೆಳಗೆ, ಈ ಕೆಂಪು ಸುಲಭವಾಗಿ ಕಾಣುವುದಿಲ್ಲ. 'ಏನೂ ಇಲ್ಲ' ಎಂದು ಹಿಂದಿನ ರಾತ್ರಿ ನಾನು ಚೀಟಿಯಲ್ಲಿ ಬರೆದಿದ್ದೆ. ಅದನ್ನು ಹೊಡೆದು ಹಾಕಿ ಸರಿಪಡಿಸಿದೆ.

ಮೂರನೆಯ ದಿನಕ್ಕೆ ಆಕೆ ಚಹಾದ ಲೋಟ ಹಿಡಿದರು.

ಅದೇ ರಾಶಿ, ಹನ್ನೊಂದು ಜನ, ಒಬ್ಬರಿಗೆ ಮಾತ್ರ ಏಕೆ?

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದಿನ ವಾರ ಮಧ್ಯಾಹ್ನದ ಹೊತ್ತಿನಲ್ಲಿ ಆಕೆ ಕೆಲಸ ಮಾಡುವ ಗೋದಾಮಿಗೆ ಹೋದೆ. ಬಾಗಿಲಲ್ಲೇ ಘಾಟು ಮೂಗಿಗೆ ಹತ್ತಿ ಐದಾರು ಸೀನು ಬಂದವು. ಒಳಗೆ ಹೆಂಗಸರು ಮುಖಕ್ಕೆ ಸೆರಗು ಬಿಗಿದುಕೊಂಡು, ಮಾತನಾಡುತ್ತಲೇ, ಕಣ್ಣು ರಾಶಿಯ ಮೇಲೆ ಇಲ್ಲದೆಯೂ ತೊಟ್ಟು ಬಿಡಿಸುತ್ತಿದ್ದರು.

ಎರಡು ವಿಷಯ ತಿಳಿಯಿತು. ಆ ದಿನದ ಮಾಲು ಬ್ಯಾಡಗಿ ತಳಿಯದಲ್ಲ, ಗುಂಟೂರು ಕಡೆಯ ಖಾರದ ತಳಿ. ಬ್ಯಾಡಗಿಗಿಂತ ಹಲವು ಪಟ್ಟು ಖಾರ. ನೋಡಲು ಸಿಪ್ಪೆ ನಯವಾಗಿ, ಕಾಯಿ ಗಿಡ್ಡವಾಗಿರುವುದರಿಂದ ಪಳಗಿದವರಿಗೆ ಗುರುತು ಸಿಗುತ್ತದೆ, ಆದರೆ ಎಚ್ಚರಿಸುವವರು ಯಾರೂ ಇರುವುದಿಲ್ಲ. ಇಷ್ಟಾದರೂ ಉಳಿದ ಹತ್ತು ಜನ ಅದೇ ರಾಶಿಯನ್ನೇ ಬಿಡಿಸಿದ್ದರು. ಇಬ್ಬರಿಗೆ ರಾತ್ರಿ ತುಸು ಉರಿ, ಉಳಿದವರಿಗೆ ಅದೂ ಇಲ್ಲ.

ಎಲ್ಲರಿಗಿಂತ ಹಿರಿಯರೊಬ್ಬರು ಕೈ ನಿಲ್ಲಿಸದೆ ಹೇಳಿದರು: "ಸುಗ್ಗಿಯ ಮೊದಲ ವಾರ ಎಲ್ಲರ ಕೈಯೂ ಅಳುತ್ತದೆ ಸಾಹೇಬರೇ. ಆಮೇಲೆ ಕೈ ಸುಮ್ಮನಾಗುತ್ತದೆ. ಈಕೆಗೆ ಈ ವರ್ಷ ಮೊದಲ ವಾರ ಬಂದದ್ದೇ ತಡವಾಗಿ."

ಆಕೆ ಮಗಳ ಬಾಣಂತನಕ್ಕೆಂದು ಐದು ತಿಂಗಳು ಬೇರೆ ಊರಿನಲ್ಲಿದ್ದರು. ಬಂದು ರಾಶಿಗೆ ಕೂತು ಅಂದಿಗೆ ಎರಡನೆಯ ದಿನ. ಆಸ್ಪತ್ರೆಯಲ್ಲಿ ನಾನು ಕೇಳಿದ್ದು "ಎಷ್ಟು ವರ್ಷದಿಂದ ಈ ಕೆಲಸ" ಎಂದು. "ಈ ಸಲ ಯಾವಾಗಿನಿಂದ" ಎಂದು ಕೇಳಿರಲಿಲ್ಲ.

'ಕೈ ಸುಮ್ಮನಾಗುತ್ತದೆ' ಎಂಬ ಆ ಅನುಭವಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿದೆ. ಹಂಗೇರಿಯ ವಿಜ್ಞಾನಿ ಮಿಕ್ಲೋಶ್ ಯಾಂಚೊ ಕಳೆದ ಶತಮಾನದ ನಡುವಿನಲ್ಲೇ, ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದ ಪ್ರಾಣಿಗಳು ಉರಿಸುವ ರಾಸಾಯನಿಕಗಳಿಗೆ ಓಗೊಡುವುದನ್ನೇ ನಿಲ್ಲಿಸುತ್ತವೆ ಎಂದು ತೋರಿಸಿದ್ದರು. ಬಾಗಿಲು ಪದೇ ಪದೇ ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ನರ ಮೊದಲು ದಣಿಯುತ್ತದೆ. ಖಾರ ಹೆಚ್ಚಾದರೆ ಚರ್ಮದ ಮೇಲ್ಪದರದಲ್ಲಿರುವ ನರದ ತುದಿಗಳೇ ಹಿಂದಕ್ಕೆ ಸರಿಯುತ್ತವೆ. ಸರ್ಪಸುತ್ತು ವಾಸಿಯಾದ ಮೇಲೂ ಕಾಡುವ ನರನೋವಿಗೆ ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಅಮೆರಿಕದಲ್ಲಿ 2009ರಲ್ಲಿ ಅನುಮೋದಿಸಿದ್ದು ಇದೇ ಗುಣದ ಆಧಾರದ ಮೇಲೆ. ಒಮ್ಮೆ ಅಂಟಿಸಿದರೆ ಸುಮಾರು ಮೂರು ತಿಂಗಳು ಆರಾಮ, ನಂತರ ನರದ ತುದಿಗಳು ಮತ್ತೆ ಬೆಳೆಯುತ್ತವೆ. ಐದು ತಿಂಗಳು ಮೆಣಸಿನಕಾಯಿ ಮುಟ್ಟದ ಆಕೆಯ ಬೆರಳುಗಳು ಹೊಸಬರ ಬೆರಳುಗಳಾಗಿದ್ದವು, ಕೆಲಸದ ವೇಗ ಮಾತ್ರ ಹದಿನಾಲ್ಕು ವರ್ಷದ್ದು ಎಂಬುದು ನನ್ನ ತೀರ್ಮಾನ. ಇದು ಪರೀಕ್ಷೆ ಮಾಡಿ ಸಾಬೀತುಪಡಿಸಿದ್ದಲ್ಲ. ಆದರೆ ಬಿರುಕು ಬಿಟ್ಟ ಚರ್ಮ, ಖಾರದ ತಳಿ, ಬಿಸಿನೀರು, ನಿಂಬೆಹಣ್ಣು ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೂ, ಆ ಐದು ತಿಂಗಳ ಅಂತರವನ್ನು ಸೇರಿಸದೆ ಲೆಕ್ಕ ಕೂಡುವುದಿಲ್ಲ.

ಕೈ ಸುಮ್ಮನಾಗುವುದು ಒಳ್ಳೆಯದೇ ಎಂದು ಯಾರಾದರೂ ಭಾವಿಸಿದರೆ ನನ್ನದು ತಕರಾರು. ಸುಮ್ಮನಾದ ಕೈ ಬಿಸಿ ಪಾತ್ರೆಯ ಸುದ್ದಿಯನ್ನೂ ತಡವಾಗಿ ಹೇಳಬಹುದು. ಆ ಗುಂಪಿನಲ್ಲಿ ಇಬ್ಬರ ಬೆರಳುಗಳಲ್ಲಿ ರೊಟ್ಟಿ ಹಂಚಿನ ಹಳೆಯ ಸುಟ್ಟ ಕಲೆಗಳನ್ನು ನೋಡಿದೆ. ಅವುಗಳಿಗೂ ಖಾರಕ್ಕೂ ಸಂಬಂಧ ಇದೆಯೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೂ ಅವು ಕಣ್ಣಿನಿಂದ ಮರೆಯಾಗಿಲ್ಲ.

ಕೈಗವಸಿನ ಸೋಲು

ತಡೆಯುವ ದಾರಿ ಕೈಗವಸು ಎಂದು ಹೇಳುವುದು ಸುಲಭ. ಗುತ್ತಿಗೆದಾರರನ್ನು ಒಪ್ಪಿಸಿ ಮೊದಲು ಹತ್ತಿಯ ಕೈಗವಸು ಕೊಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದರ ನೇಯ್ಗೆಯಲ್ಲಿ ಖಾರದ ಪುಡಿ ತುಂಬಿ, ಬೆವರಿನಲ್ಲಿ ನೆನೆದು, ಚರ್ಮಕ್ಕೆ ಲೇಪ ಹಾಕಿದಂತಾಯಿತು. ಬರಿಗೈಯೇ ವಾಸಿ ಎಂದರು, ಸರಿಯಾಗಿಯೇ ಹೇಳಿದರು. ರಬ್ಬರಿನದು ತೊಟ್ಟರೆ ಉಗುರಿಗೆ ತೊಟ್ಟು ಸಿಗುವುದಿಲ್ಲ, ಕೈ ನಿಧಾನವಾಗುತ್ತದೆ. ಕೆ.ಜಿ. ಲೆಕ್ಕದ ಕೂಲಿಯಲ್ಲಿ ನಿಧಾನದ ಬೆಲೆಯನ್ನು ಕೊಡುವವರು ಅವರೇ. ಸುರಕ್ಷತೆಯ ಖರ್ಚನ್ನು ಕೂಲಿಯವಳ ಕಿಸೆಯಿಂದ ತೆಗೆಯುವ ಯಾವ ಸಲಹೆಯೂ ಉಳಿಯುವುದಿಲ್ಲ, ಉಳಿಯಲೂ ಬಾರದು.

ಆಕೆಯೇ ದಾರಿ ಹುಡುಕಿದರು. ಕೀಳುವುದು ಎರಡು ಬೆರಳು, ಐದಕ್ಕೂ ಯಾಕೆ ಕವಚ ಎಂದು ಕೇಳಿದರು. ನೋಟು ಎಣಿಸುವವರು ಬಳಸುವ ರಬ್ಬರಿನ ಬೆರಳುಟೋಪಿಗಳನ್ನು ತಂದು ಹೆಬ್ಬೆರಳು, ತೋರುಬೆರಳಿಗೆ ಹಾಕಿದೆವು. ಅದರ ಉಬ್ಬುಗಳು ತೊಟ್ಟನ್ನು ಉಗುರಿನಂತೆಯೇ ಹಿಡಿದವು. ಹನ್ನೊಂದರಲ್ಲಿ ಆರು ಜನ ಈಗಲೂ ಹಾಕುತ್ತಾರೆ. ಉಳಿದವರು ಬೆರಳು ಬೆವರುತ್ತದೆ ಎಂದು ತೆಗೆದಿಟ್ಟರು. ಒತ್ತಾಯ ಮಾಡಿಲ್ಲ.

ಎಣ್ಣೆಯ ವಿಷಯದಲ್ಲಿ ಗುತ್ತಿಗೆದಾರರು ಮೊದಲು ಒಪ್ಪಲಿಲ್ಲ. ಕಾಯಿಗೆ ಎಣ್ಣೆ ತಾಗಿದರೆ ಮಾಲು ಕೆಡುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಕೆಲಸದ ಮುಂಚೆ ಬೇಡ, ಮುಗಿದ ಮೇಲೆ, ಹೊರಗಿನ ನಲ್ಲಿಯ ಹತ್ತಿರ ಮಾತ್ರ ಎಂದು ಮಾತಾಯಿತು. ಅಲ್ಲಿ ಈಗ ಒಂದು ಡಬ್ಬಿಯಲ್ಲಿ ಎಣ್ಣೆ, ಹಳೆಯ ಹತ್ತಿಬಟ್ಟೆಯ ತುಂಡುಗಳು, ಪಾತ್ರೆ ಸೋಪು ಇವೆ. ಕ್ರಮ ಮಾತ್ರ ತಪ್ಪಬಾರದು: ಎಣ್ಣೆ, ಒರೆಸುವುದು, ಸೋಪು, ತಣ್ಣೀರು. ಮನೆಗೆ ಹೋಗಿ ಬಿಸಿನೀರು ಮುಟ್ಟುವುದು ಇದೆಲ್ಲ ಆದ ಮೇಲೆಯೇ. ಬೇರೆ ತಳಿಯ ಮಾಲು ಬಂದ ದಿನ ಬೆಳಿಗ್ಗೆಯೇ ಹೇಳಬೇಕು ಎಂಬ ಮಾತಿಗೂ ಗುತ್ತಿಗೆದಾರರು ಒಪ್ಪಿದರು. ಬಿಡುವಿನ ನಂತರ ಕೆಲಸಕ್ಕೆ ಬರುವವರನ್ನು ಮೊದಲ ವಾರ ಖಾರದ ತಳಿಯ ರಾಶಿಗೆ ಕೂರಿಸಬೇಡಿ ಎಂದು ಕೇಳಿದ್ದೆ. ಅದು ಇನ್ನೂ ನಡೆದಿಲ್ಲ.

ಮಾರ್ಚ್ ತಿಂಗಳಲ್ಲಿ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಕೆಲಸ ಬಿಡುವ ಹೊತ್ತಾಗಿತ್ತು. ಆಕೆ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಬೆರಳನ್ನು ಎಣ್ಣೆಬಟ್ಟೆಯಲ್ಲಿ ತಿರುಚಿ ಒರೆಸುತ್ತಿದ್ದರು. ಮೊಮ್ಮಗ ತುಸು ದೂರದಲ್ಲಿ ಕಾಯುತ್ತಿದ್ದ. ಸೋಪು ತೊಳೆದು, ಕೈ ಝಾಡಿಸಿ, ಆಕೆ ತೋರುಬೆರಳಿನ ತುದಿಯನ್ನು ತಮ್ಮ ಕೆಳತುಟಿಗೆ ಮುಟ್ಟಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. "ಕೈಗೆ ಗೊತ್ತಾಗುವುದಿಲ್ಲ ಸಾಹೇಬರೇ, ತುಟಿಗೆ ಗೊತ್ತಾಗುತ್ತದೆ" ಎಂದರು. ಇನ್ನೊಮ್ಮೆ ಎಣ್ಣೆ ಹಚ್ಚಿ, ಒರೆಸಿ, ತೊಳೆದು, ಮತ್ತೆ ತುಟಿಗೆ ಮುಟ್ಟಿಸಿದರು. ಆಮೇಲೆ ಹುಡುಗನ ಕೈ ಹಿಡಿದುಕೊಂಡು ಎದ್ದರು.